ಹಂತಕ್ಕೊಂದು ಅಂಕ

ಹತ್ತೊಂಬತ್ತು ವರ್ಷದಿಂದ ನಾನು ಇಸ್ಪೀಟ್ ಎಲೆ ನಂಬಿಕೊಂಡು ಸಂಸಾರ ನಡೆಸುತ್ತಿದ್ದೇನೆ. ಹೀಗೆಂದ ತಕ್ಷಣ ಯಾರಾದರೂ ನನ್ನನ್ನು ಜೂಜುಕೋರ ಎಂದುಕೊಂಡರೆ ಒಳಗೊಳಗೇ ಖುಷಿಯಾಗುತ್ತದೆ. ಅಷ್ಟು ಧೈರ್ಯದ ಕೆಲಸ ನನ್ನಿಂದ ಆದೀತೆಂದು ಈವರೆಗೆ ಯಾರೂ ಅನುಮಾನ ಕೂಡ ಪಟ್ಟಿಲ್ಲ. ನಾನು ಗಣಿತದ ಮೇಷ್ಟ್ರು. ದೊಡ್ಡ ತರಗತಿಯ ಮಕ್ಕಳಿಗೆ ಸಂಭವನೀಯತೆಯ ಪಾಠ ಹೇಳುತ್ತೇನೆ. ಕಟ್ಟಿನಿಂದ ಒಂದು ಎಲೆ ತೆಗೆದರೆ ಅದು ರಾಜನಾಗುವ ಸಂಭವ ಎಷ್ಟು, ಎರಡು ತೆಗೆದರೆ ಎರಡೂ ಕೆಂಪಾಗುವ ಸಂಭವ ಎಷ್ಟು ಎಂದು ವರ್ಷಕ್ಕೆ ಐದಾರು ವಾರ ಗಂಟಲು ಹರಿದುಕೊಳ್ಳುತ್ತೇನೆ. ಆದರೆ ಎಲೆ ಹಿಡಿದು ಒಂದೇ ಒಂದು ಆಟ ಆಡಿದವನಲ್ಲ. ಕಲೆಸಲು ಹೋದರೆ ಅರ್ಧ ಎಲೆ ಮೇಜಿನ ಕೆಳಗೆ ಬೀಳುತ್ತವೆ, ಮುಂದಿನ ಬೆಂಚಿನವರು ಹೆಕ್ಕಿಕೊಡುತ್ತಾರೆ.

ಆ ಕಟ್ಟು ಕೂಡ ನಾನು ಕೊಂಡದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಕೊನೆಯ ಬೆಂಚಿನ ಹುಡುಗರು ಡೆಸ್ಕಿನ ಕೆಳಗೆ ರಮ್ಮಿ ಆಡುತ್ತಿದ್ದಾಗ ಹಿಡಿದು ಕಿತ್ತುಕೊಂಡದ್ದು. "ಇದೇ ಎಲೆಯಿಂದ ತಲೆ ಬೆಳೆಸೋದು ಹೇಗೆ ಅಂತ ತೋರಿಸ್ತೀನಿ" ಎಂದು ಅವತ್ತು ಭಾಷಣ ಬಿಗಿದೆ. ಹುಡುಗರು ತಲೆ ತಗ್ಗಿಸಿ ನಿಂತಿದ್ದರು. ಭುಜ ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾರೆ ಎಂದುಕೊಂಡು ಕ್ಷಮಿಸಿಬಿಟ್ಟೆ.

ನನ್ನ ನಿಜವಾದ ಕೀರ್ತಿ ಇರುವುದು ಪೇಪರ್ ತಿದ್ದುವುದರಲ್ಲಿ. ನನ್ನ ಜೇಬಿನಲ್ಲಿ ಎರಡು ಪೆನ್ನು: ತಪ್ಪಿಗೆ ಕೆಂಪು, ಕೂಡಿಸಿದ ಮೊತ್ತಕ್ಕೆ ಹಸಿರು. ಉತ್ತರ ಸರಿಯೋ ತಪ್ಪೋ ಎನ್ನುವುದು ನನಗೆ ಅಷ್ಟು ಮುಖ್ಯವಲ್ಲ. ದತ್ತಾಂಶ ಬರೆದರೆ ಒಂದು ಅಂಕ, ಸೂತ್ರ ಬರೆದರೆ ಒಂದು, ಬೆಲೆ ತುಂಬಿಸಿದರೆ ಒಂದು. ಯಾರಾದರೂ ಅರ್ಧ ಪುಟದ ಲೆಕ್ಕವನ್ನು ಒಂದೇ ಸಾಲಿನಲ್ಲಿ ಮುಗಿಸಿದರೆ, ಉತ್ತರ ಸರಿಯಿದ್ದರೂ, ಒಂದು ಅಂಕ ಕೊಟ್ಟು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಹಂತ ಎಲ್ಲಿ?" ಎಂದು ಬರೆಯುತ್ತೇನೆ. ಮಕ್ಕಳು ನನ್ನ ಬೆನ್ನ ಹಿಂದೆ 'ಹಂತ ಮೇಷ್ಟ್ರು' ಎನ್ನುತ್ತಾರೆಂದು ಗೊತ್ತಾದಾಗ ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿಕೊಂಡೆ. ಅವಳು ನನ್ನ ಮುಖವನ್ನೇ ನೋಡಿದಳು. "ರೀ, ಅದು ಹೊಗಳಿಕೆ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು.

ಇಂಥ ನನ್ನ ಹತ್ತಿರ ಲೆಕ್ಕ ಕಲಿಯಬೇಕಾದ ಗತಿ ನಮ್ಮ ಅಕ್ಕನಿಗೆ ಬಂತು.

ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಅಂಗಿ ಗುಂಡಿ, ಕೋಟಿನ ಗುಂಡಿ, ಮಕ್ಕಳ ಫ್ರಾಕಿನ ಹೂವಿನಾಕಾರದ ಗುಂಡಿ, ಎಲ್ಲವನ್ನೂ ಡಬ್ಬಿಗೆ ತುಂಬಿ ಮುಚ್ಚಳ ಹಾಕಬೇಕು. ದಿನಕ್ಕೆ ಎಂಟು ಗಂಟೆ, ನಿಂತೇ. ಇಪ್ಪತ್ತಾರು ವರ್ಷ ಹೀಗೆ ನಿಂತು ಅವಳ ಕಾಲಿನ ನರ ಹಗ್ಗದ ಹಾಗೆ ಉಬ್ಬಿಕೊಂಡಿವೆ. ಸಂಜೆ ಮನೆಗೆ ಬಂದರೆ ಮೊದಲು ಗೋಡೆಗೆ ಕಾಲು ಮೇಲೆತ್ತಿ ಮಲಗುತ್ತಾಳೆ, ಆಮೇಲೆಯೇ ಮಾತು. ಪ್ಯಾಕಿಂಗ್ ಪಕ್ಕದಲ್ಲಿ ಗಾಜಿನ ಗೋಡೆಯ ಆಚೆ ಚೆಕಿಂಗ್ ವಿಭಾಗ. ಅಲ್ಲಿ ಒಂದೊಂದು ಡಬ್ಬಿಯಿಂದ ಹತ್ತಿಪ್ಪತ್ತು ಗುಂಡಿ ತೆಗೆದು ದೀಪದ ಕೆಳಗೆ ನೋಡಿ, ಇಡೀ ಡಬ್ಬಿ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬೇಕು. ಆ ಕೆಲಸದವರಿಗೆ ಕುರ್ಚಿ ಇದೆ.

ಅಕ್ಕನಿಗೆ ಬೇಕಾಗಿದ್ದದ್ದು ಆ ಕುರ್ಚಿ. ಅದಕ್ಕೆ ಒಂದು ಪರೀಕ್ಷೆ ಪಾಸು ಮಾಡಬೇಕು, ಅದರಲ್ಲಿ ಅರ್ಧಕ್ಕರ್ಧ ಸಂಭವನೀಯತೆ. ಹಿಂದಿನ ವರ್ಷ ಬರೆದು ಫೇಲಾಗಿದ್ದಳು. ನಲವತ್ತೈದು ದಾಟಿದವರು ಬರೆಯುವಂತಿಲ್ಲ, ಅವಳಿಗೆ ಈ ಶ್ರಾವಣ ಕಳೆದರೆ ದಾಟುತ್ತದೆ. ಈ ಸಲ ಆಗದಿದ್ದರೆ ರಿಟೈರ್ ಆಗುವವರೆಗೂ ನಿಂತೇ ಇರಬೇಕು.

"ಹತ್ತನೇ ಕ್ಲಾಸಿಗೇ ಬಿಟ್ಟವಳಿಗೆ ಹೇಳಿಕೊಡೋ ತಾಳ್ಮೆ ಇದೆಯೇನೋ ನಿನಗೆ?" ಎಂದು ಕೇಳಿದಳು.

"ಅದೇ ಅಲ್ವೇನೇ ನನ್ನ ಕೆಲಸ?" ಎಂದೆ. ಎಂದವನ ದನಿ ನನಗೇ ಇಷ್ಟವಾಯಿತು.

ಇಲ್ಲೊಂದು ವಿಷಯ ಹೇಳಬೇಕು. ನನಗೆ ಎಣಿಸಲು ಕಲಿಸಿದವಳೇ ಅಕ್ಕ. ನಾವು ಆಗ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು, ಮೆಟ್ಟಿಲು ಹದಿನೆಂಟು. ದಿನಾ ನನ್ನ ಕೈ ಹಿಡಿದು ಎಣಿಸುತ್ತಾ ಹತ್ತಿಸುತ್ತಿದ್ದಳು. ಒಂದು ಸಲ ಮನೆ ಮಾಲೀಕರು ಅಂಗಳಕ್ಕೆ ಮಣ್ಣು ತುಂಬಿಸಿ ಕಲ್ಲು ಹಾಸಿಸಿದರು, ಕೆಳಗಿನ ಒಂದು ಮೆಟ್ಟಿಲು ಹೂತುಹೋಯಿತು. ಅವತ್ತೂ ನಾನು ಮೇಲೆ ಹೋಗಿ ನಿಂತು ಠೀವಿಯಿಂದ "ಹದಿನೆಂಟು" ಎಂದೆ. ಅಕ್ಕ ನನ್ನನ್ನು ವಾಪಸ್ಸು ಕೆಳಗೆ ಕಳಿಸಿದಳು. "ನೆನಪಿಂದ ಹೇಳ್ಬೇಡ. ಎಣಿಸಿ ಹೇಳು" ಎಂದಳು. ಮೂರು ಸಲ ಹತ್ತಿ ಇಳಿದು, ಒಂದು ಸಲ ಅತ್ತು, ಕೊನೆಗೆ ಹದಿನೇಳು ಎಂದೆ. ಮುಂದೆ ಮನೆಗೆ ಇನ್ನೊಂದು ಸಂಬಳ ಬೇಕಾದಾಗ ಅವಳು ಸ್ಕೂಲು ಬಿಟ್ಟಳು, ನಾನು ಓದಿದೆ. ಸಮಾರಂಭಗಳಲ್ಲಿ ಮಾತ್ರ 'ಸ್ವಂತ ಪರಿಶ್ರಮದಿಂದ ಮೇಲೆ ಬಂದೆ' ಎಂದು ಹೇಳಿಕೊಳ್ಳುತ್ತೇನೆ.

ಭಾನುವಾರ ಬೆಳಗ್ಗೆ ಪಾಠ ಶುರುವಾಯಿತು. ಊಟದ ಮೇಜಿನ ತುದಿಗೆ ಸಣ್ಣ ಬೋರ್ಡು ಒರಗಿಸಿದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೆ. "ಅತ್ತಿಗೆಗೆ ಪಾಠ ಮಾಡೋಕೂ ಶೂ ಹಾಕ್ಕೋತೀರಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. ಹಾಕಿಕೊಳ್ಳಲು ಹೊರಟಿದ್ದೆ, ಬಿಟ್ಟೆ. ಬೋರ್ಡಿನ ಮೇಲೆ ದೊಡ್ಡದಾಗಿ 'ಕಟ್ಟಿನಲ್ಲಿರುವ ಒಟ್ಟು ಎಲೆಗಳು = 52' ಎಂದು ಬರೆದು ಅಡಿಗೆರೆ ಎಳೆದೆ.

ಅಕ್ಕ ಕಟ್ಟನ್ನು ಕೈಗೆ ತೆಗೆದುಕೊಂಡಳು. ನನಗೆ ಗೊತ್ತೇ ಇರಲಿಲ್ಲ, ಅವಳು ಆಟದಲ್ಲಿ ಪಳಗಿದವಳಂತೆ. ಊಟದ ಬಿಡುವಿನಲ್ಲಿ ಪ್ಯಾಕಿಂಗಿನ ಹೆಂಗಸರು ಖಾಲಿ ಪೆಟ್ಟಿಗೆ ಬೋರಲು ಹಾಕಿ ಆಡುತ್ತಾರಂತೆ. ಎಲೆಗಳು ಅವಳ ಕೈಯಲ್ಲಿ ಫರ್ರೆಂದು ಹರಿದು ಒಂದರೊಳಗೊಂದು ಸೇರಿಕೊಂಡವು. ಒಂದೂ ಕೆಳಗೆ ಬೀಳಲಿಲ್ಲ. ಆಮೇಲೆ ಹೆಂಡತಿಯನ್ನೂ ಕೂರಿಸಿಕೊಂಡು, ಮೂವರಿಗೂ ಒಂದೊಂದಾಗಿ ಇಡೀ ಕಟ್ಟನ್ನು ಹಂಚಿದಳು. ಕೊನೆಯ ಎಲೆ ಅವಳ ಗುಡ್ಡೆಗೇ ಬಿತ್ತು. ಕೈಯನ್ನು ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

"ಮೂವರಿಗೂ ಸಮ ಬಂತು ಕಣೋ" ಎಂದಳು.

"ಸಮ ಬರದೆ ಇನ್ನೇನು? ಆಟ ಆಡೋಕೆ ಕೂತಿಲ್ಲ ನಾವು. ಎತ್ತಿಡು" ಎಂದೆ.

ಅಕ್ಕ ಎತ್ತಿಟ್ಟಳು. ಬೋರ್ಡಿನ ಮೇಲಿನ 52ನ್ನು ಒಮ್ಮೆ ನೋಡಿ, ನೋಟ್‌ಬುಕ್ಕಿನಲ್ಲಿ ಹಾಗೇ ಇಳಿಸಿಕೊಂಡಳು.

ಅವಳು ಬೇಗ ಕಲಿತಳು, ಅದು ನನಗೆ ಸ್ವಲ್ಪ ಕಿರಿಕಿರಿ. ಎಕ್ಕ ನಾಲ್ಕು, ಕೆಂಪು ಇಪ್ಪತ್ತಾರು, ಮುಖದೆಲೆ ಹನ್ನೆರಡು ಎಂದು ನಾನು ಪಟ್ಟಿ ಬರೆಸಬೇಕೆಂದಿದ್ದೆ. ಅದೆಲ್ಲ ಅವಳ ಬೆರಳ ತುದಿಯಲ್ಲಿತ್ತು. ಒಂದು ದಿನ ಪ್ರಯೋಗ ಮಾಡಿಸಿದೆ: ಕಲೆಸಿ ಒಂದು ಎಲೆ ತೆಗೆದು ನೋಡಿ ವಾಪಸ್ಸು ಹಾಕಬೇಕು, ಹೀಗೆ ನೂರು ಸಲ. ಆಟೀನು, ಅಂದರೆ ಕೆಂಪು ಹೃದಯದ ಎಲೆ, ಸುಮಾರು ಇಪ್ಪತ್ತೈದು ಸಲ ಬರಬೇಕು. ಇಪ್ಪತ್ತಮೂರು ಬಂತು. ಇನ್ನೊಮ್ಮೆ ಮಾಡಿಸಿದೆ, ಇಪ್ಪತ್ತೊಂದು. ಮತ್ತೊಮ್ಮೆ, ಇಪ್ಪತ್ತನಾಲ್ಕು.

"ಪ್ರತಿ ಸಲ ಕಮ್ಮೀನೇ ಬರ್ತಿದೆ ಅಲ್ವೇನೋ?" ಎಂದಳು ಅಕ್ಕ.

"ನೀನು ಸರಿಯಾಗಿ ಕಲೆಸ್ತಿಲ್ಲ" ಎಂದೆ. ಹಾಗೆ ಹೇಳಿದ್ದು ಯಾರು, ಯಾರಿಗೆ ಎನ್ನುವುದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಾನು ಟೀ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಎಲೆಗಳನ್ನು ನಾಲ್ಕು ಸಾಲಾಗಿ ಜೋಡಿಸಿಕೊಂಡು ಕೂತಿದ್ದಳು. ಪಾಠದ ನಡುವೆ ಆಟ ಬೇಡ ಎಂದು ಗದರಿಸಿದೆ. ನಗುತ್ತಾ ಬಾಚಿ ಎತ್ತಿಟ್ಟಳು.

ಐದನೇ ಭಾನುವಾರ ಆ ಲೆಕ್ಕ ಬಂತು. ಐವತ್ತೆರಡು ಎಲೆಯ ಕಟ್ಟಿನಿಂದ ಒಂದು ಎಲೆ ಕಳೆದುಹೋಗಿದೆ, ಯಾವುದೆಂದು ಗೊತ್ತಿಲ್ಲ. ಉಳಿದದ್ದರಲ್ಲಿ ಎರಡು ಎಲೆ ತೆಗೆದು ನೋಡಿದರೆ ಎರಡೂ ಆಟೀನು. ಹಾಗಾದರೆ ಕಳೆದ ಎಲೆಯೂ ಆಟೀನೇ ಆಗಿರುವ ಸಂಭವ ಎಷ್ಟು?

ಈ ಲೆಕ್ಕ ನನ್ನ ಪಾಲಿನ ವಜ್ರಾಯುಧ. ಬಿಡಿಸಲು ಒಂದು ಪುಟ ತುಂಬಾ ಬೇಕು. ಕಳೆದದ್ದು ಆಟೀನಾಗಿದ್ದರೆ ಏನು, ಕಳಾವರ್ ಆಗಿದ್ದರೆ ಏನು ಎಂದು ನಾಲ್ಕು ಸಂದರ್ಭ ಮಾಡಿ, ಒಂದೊಂದಕ್ಕೂ ಭಿನ್ನರಾಶಿ ಬರೆದು, ದೊಡ್ಡ ಸೂತ್ರಕ್ಕೆ ತುಂಬಿಸಿ, ಹೊಡೆದುಹಾಕಿ ಕೆಳಗಿಳಿದು ಬರಬೇಕು. ಹಂತ ಒಂದಲ್ಲ, ಎಂಟು. ಬರೆದು ಮುಗಿಸಿದಾಗ ನನಗೆ ಬೆನ್ನು ನೇರವಾಗುತ್ತದೆ.

ಪ್ರಶ್ನೆ ಓದಿ ಮುಗಿಸಿ ಚಾಕ್‌ಪೀಸು ಹುಡುಕುತ್ತಿದ್ದೆ. "ಐವತ್ತರಲ್ಲಿ ಹನ್ನೊಂದು" ಎಂದಳು ಅಕ್ಕ.

"ಏನು?"

"ಉತ್ತರ. ಎರಡು ಆಟೀನು ನೋಡಿಯಾಯ್ತು. ನೋಡದೆ ಇರೋದು ಐವತ್ತು. ಅದ್ರಲ್ಲಿ ಆಟೀನು ಹನ್ನೊಂದು."

ನಾನು ಅನುಕಂಪದಿಂದ ನಕ್ಕೆ. ಇಂಥ ನಗೆಯನ್ನು ಹತ್ತೊಂಬತ್ತು ವರ್ಷ ಸಾಣೆ ಹಿಡಿದಿಟ್ಟುಕೊಂಡಿದ್ದೇನೆ. "ಅಷ್ಟು ಸುಲಭ ಇದ್ದಿದ್ರೆ ಪುಸ್ತಕದಲ್ಲಿ ಒಂದು ಪುಟ ಯಾಕೆ ಬರೀತಿದ್ರು?" ಎಂದು ಬೋರ್ಡಿಗೆ ತಿರುಗಿದೆ. ಬರೆದೆ, ಬರೆದೆ. ಬೋರ್ಡು ಸಾಲದೆ ಕೆಳಗಿನದನ್ನು ಅಳಿಸಿ ಬರೆದೆ. ತೋಳಿನ ಮೇಲೆಲ್ಲ ಚಾಕ್‌ಪುಡಿ. ಹತ್ತು ನಿಮಿಷದ ನಂತರ ಕೊನೆಯ ಭಿನ್ನರಾಶಿ ಹೊರಬಿತ್ತು: 11/50.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಉತ್ತರ ಸರಿ ಬಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಪರೀಕ್ಷೇಲಿ ಹೀಗೆ ಒಂದು ಸಾಲು ಬರೆದ್ರೆ ಒಂದು ಅಂಕಕ್ಕಿಂತ ಹೆಚ್ಚು ಹುಟ್ಟಲ್ಲ. ಇದನ್ನೇ ಬರೀಬೇಕು, ಪೂರ್ತಿ. ಮಾತು ಕೊಡು" ಎಂದೆ.

"ಇಷ್ಟುದ್ದ ಬರೆಯೋಕೆ ನನಗೆ ಅರ್ಧ ಗಂಟೆ ಬೇಕಲ್ಲೋ."

"ಬೇಕಾದ್ರೆ ಬೇರೆ ಲೆಕ್ಕ ಬಿಡು. ಇದನ್ನ ಬಿಡಬೇಡ."

ಅಕ್ಕ ಹೂಂ ಎಂದಳು. ಅವಳ ಹೂಂ ಅಂದರೆ ಏನೆಂದು ಚಿಕ್ಕಂದಿನಿಂದ ನೋಡಿದವನು ನಾನು, ಆದರೂ ನಂಬಿದೆ.

ಪರೀಕ್ಷೆಯ ದಿನ ನಾನು ಗೇಟಿನ ಹೊರಗೆ ನಿಂತಿದ್ದೆ. ಹೊರಗೆ ಬಂದವಳು ಮೊದಲು ಕಟ್ಟೆ ಹುಡುಕಿ ಕೂತು ಕಾಲು ಚಾಚಿದಳು. "ಆ ಕಳೆದ ಎಲೆ ಲೆಕ್ಕ ಬಂದಿತ್ತು ಕಣೋ. ಆರು ಅಂಕಕ್ಕೆ" ಎಂದಳು.

"ಬರೆದೆ ತಾನೆ? ಎಂಟೂ ಹಂತ?"

"ಒಂದು ಸಾಲು ಬರೆದೆ. ಉಳಿದ ಹೊತ್ತಲ್ಲಿ ಬೇರೆ ಮೂರು ಲೆಕ್ಕ ಮಾಡಿದೆ."

ಉತ್ತರ ಸರಿಯಿದೆ ಎನ್ನುವುದು ನನಗೆ ಗೊತ್ತು. ಆ ಪೇಪರು ತಿದ್ದುವವನು ಎಂಥವನಿರುತ್ತಾನೆ ಎನ್ನುವುದೂ ಗೊತ್ತು, ಏಕೆಂದರೆ ಪ್ರತಿದಿನ ಅವನಿಗೇ ಶೇವ್ ಮಾಡುತ್ತೇನೆ. ಅವತ್ತಿನಿಂದ ಮೂರು ವಾರ ನನ್ನದೊಂದೇ ಪ್ರಾರ್ಥನೆ: ದೇವರೇ, ಅಕ್ಕನ ಪೇಪರು ನನ್ನಂಥವನ ಕೈಗೆ ಸಿಗದಿರಲಿ.

ಸಿಕ್ಕಿತ್ತು. ಪಾಸಾಗಲು ಐವತ್ತು ಬೇಕು, ಬಂದದ್ದು ನಲವತ್ತೆಂಟು. ಮೂರು ಅಂಕದೊಳಗೆ ತಪ್ಪಿದವರು ವಾರದೊಳಗೆ ಪರೀಕ್ಷೆ ನಡೆಸಿದ ತರಬೇತಿ ಕೇಂದ್ರಕ್ಕೆ ಬಂದು ಪರೀಕ್ಷಕರ ಎದುರೇ ಪೇಪರು ನೋಡಿ ಅಹವಾಲು ಹೇಳಬಹುದು ಎಂದು ನೋಟಿಸಿನ ಕೊನೆಯಲ್ಲಿತ್ತು. ಅಕ್ಕ ಆ ಸಂಜೆ ಗೋಡೆಗೆ ಕಾಲೆತ್ತಿ ಮಲಗಿದಳು. "ಹೋಗ್ಲಿ ಬಿಡು. ಇಷ್ಟು ವರ್ಷ ನಿಂತಿದೀನಿ, ಇನ್ನೊಂದಿಷ್ಟು" ಎಂದಳು. ಅವಳು ಹಾಗೆ ಸುಲಭಕ್ಕೆ ಸೋಲೊಪ್ಪುವವಳಲ್ಲ. ನನಗೆ ಅಳು ಬಂತು. ಎದ್ದು ಹೋಗಿ ಅಹವಾಲು ಬರೆಯಲು ಕೂತೆ. ಎರಡು ಪುಟವಾಯಿತು, ಹಂತ ಹಂತವಾಗಿ.

ತರಬೇತಿ ಕೇಂದ್ರದ ಕೋಣೆಯಲ್ಲಿ ಒಂದು ಉದ್ದ ಮೇಜು, ಮೂರು ಕುರ್ಚಿ, ಬೀರುವಿನ ಮೇಲೆ ಧೂಳು ತಿಂದ ಪೇಪರ್ ಕಟ್ಟುಗಳು. ಪರೀಕ್ಷಕರು ನನ್ನ ವಯಸ್ಸಿನವರೇ. ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು, ಒಂದು ಹಸಿರು. ಅಕ್ಕ ಅವರ ಜೇಬು ನೋಡಿದಳು, ನನ್ನ ಜೇಬು ನೋಡಿದಳು, ಕಿಟಕಿಯ ಕಡೆ ತಿರುಗಿ ಕೂತಳು.

ಪೇಪರು ತೆರೆದರು. ಅಕ್ಕನ ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು: 'ನೋಡದ ಎಲೆ 50, ಅದರಲ್ಲಿ ಆಟೀನು 11, ಉತ್ತರ 11/50.' ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಂಕ. ಅದರ ಪಕ್ಕದಲ್ಲಿ, ನಾನು ಆಣೆ ಮಾಡಿ ಹೇಳುತ್ತೇನೆ, 'ಹಂತ ಎಲ್ಲಿ?'

"ಉತ್ತರ ಸರಿ ಇದೆ, ಒಪ್ಕೋತೀನಿ" ಎಂದರು ಪರೀಕ್ಷಕರು. "ಆದ್ರೆ ನೀವೇ ಹೇಳಿ, ನೀವೂ ಮೇಷ್ಟ್ರು. ಹಂತ ಇಲ್ಲದೆ ಹೇಗೆ ಅಂಕ ಕೊಡೋದು?"

"ನಿಜ, ಹಂತ ಬೇಕೇ ಬೇಕು" ಎಂದುಬಿಟ್ಟೆ.

"ಈಗಿನವರಿಗೆ ಅದೇ ಅರ್ಥ ಆಗಲ್ಲ ನೋಡಿ."

"ಏನೇನೂ ಆಗಲ್ಲ ಸಾರ್. ನಮ್ಮ ಶಾಲೇಲೂ ಇದೇ ಗೋಳು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆದೂಗಿದೆವು. ಎಷ್ಟೋ ವರ್ಷದ ಮೇಲೆ ನನ್ನನ್ನು ಅರ್ಥಮಾಡಿಕೊಂಡ ಒಂದು ಜೀವ ಸಿಕ್ಕಿತ್ತು. ಅಷ್ಟರಲ್ಲಿ ಮೇಜಿನ ಕೆಳಗೆ ಅಕ್ಕ ನನ್ನ ಕಾಲು ತುಳಿದಳು. ಇಪ್ಪತ್ತಾರು ವರ್ಷ ನಿಂತ ಕಾಲು, ಭಾರ ಚೆನ್ನಾಗಿಯೇ ಇತ್ತು. ನಾನು ಬಂದಿದ್ದು ಯಾರ ಪರ ಎನ್ನುವುದು ನೆನಪಾಗಿ, ನನ್ನ ಎರಡು ಪುಟದ ಅಹವಾಲನ್ನು ತೆಗೆದು ಓದತೊಡಗಿದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ಪರೀಕ್ಷಕರು ಗಡಿಯಾರ ನೋಡಿದರು.

"ಇದು ನೀವು ಬರೆದಿದ್ದು. ಇವರಿಗೆ ಗೊತ್ತಿದ್ರೆ ಇವರು ಹೇಳಲಿ. ಅಂದಾಜಿನ ಮೇಲೆ ಬರೆದಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?" ಎಂದು ಡ್ರಾಯರಿನಿಂದ ಒಂದು ಕಟ್ಟು ಎಲೆ ತೆಗೆದಿಟ್ಟರು. ಅದರ ಮೇಲಿನ ಹೊಳೆಯುವ ಕಾಗದ ಕೂಡ ಹರಿದಿರಲಿಲ್ಲ. ಹನ್ನೊಂದು ವರ್ಷದಿಂದ ಈ ಪಾಠ ಮಾಡುತ್ತಿದ್ದಾರಂತೆ.

"ಅದು ಬೇಡ ಸಾರ್. ಹೊಸದು ಜಾರುತ್ತೆ. ನಮ್ಮ ತಮ್ಮಂದಿದೆ" ಎಂದು ಅಕ್ಕ ನನ್ನ ಚೀಲಕ್ಕೆ ಕೈಹಾಕಿದಳು.

ಎರಡು ಆಟೀನು ಆರಿಸಿ ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟಳು. ಉಳಿದದ್ದನ್ನೆಲ್ಲ ಬೋರಲು ಹರಡಿದಳು. ಆ ಕೈಗಳ ವೇಗಕ್ಕೆ ಪರೀಕ್ಷಕರು ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದರು.

"ಸಾರ್, ಈ ಎರಡು ನಾವು ನೋಡಿದೀವಿ. ಇಲ್ಲಿ ಬೋರಲು ಬಿದ್ದಿರೋದು ನಲವತ್ತೊಂಬತ್ತು, ಇವನ್ನ ನೋಡಿಲ್ಲ. ಕಳೆದಿರೋದು ಒಂದು, ಅದನ್ನೂ ನೋಡಿಲ್ಲ. ನೋಡದೆ ಇರೋದು ಒಟ್ಟು ಐವತ್ತು. ಅಷ್ಟರಲ್ಲಿ ಹನ್ನೊಂದು ಆಟೀನು ಎಲ್ಲೆಲ್ಲೋ ಇವೆ. ಇವು ಮೇಜಿನ ಮೇಲಿವೆ, ಅದು ಎಲ್ಲೋ ಬಿದ್ದಿದೆ, ಅಷ್ಟೇ ವ್ಯತ್ಯಾಸ. ನಮ್ಮಲ್ಲಿ ಡಬ್ಬಿ ತುಂಬುವಾಗ ಒಂದು ಗುಂಡಿ ಉರುಳಿ ಮೇಜಿನಡಿ ಹೋಗುತ್ತೆ. ಹೋಯ್ತು ಅಂತ ಅದಕ್ಕೇನು ಕೊಂಬು ಬರುತ್ತಾ? ಡಬ್ಬಿಲಿರೋ ಗುಂಡಿ ಹೇಗೋ ಅದೂ ಹಾಗೇ. ನೀವು ಮೇಷ್ಟ್ರುಗಳು ಕಳೆದುಹೋಗಿದ್ದಕ್ಕೆ ಮಾತ್ರ ಒಂದು ಪುಟ ಮರ್ಯಾದೆ ಕೊಡ್ತೀರಿ."

ಪರೀಕ್ಷಕರು ಒಂದು ಹಾಳೆ ಎಳೆದುಕೊಂಡು ಎಂಟು ಹಂತವನ್ನೂ ಬರೆದರು. ಕೆಳಗೆ 11/50 ಎಂದು ಬರೆದು ಅದನ್ನೇ ನೋಡುತ್ತಾ ಕೂತರು. ಪಾಪ, ಆ ಹೊತ್ತಿನ ಅವರ ಸಂಕಟ ಜಗತ್ತಿನಲ್ಲಿ ನನಗೊಬ್ಬನಿಗೇ ಅರ್ಥವಾಗುತ್ತಿತ್ತು.

ಆಮೇಲೆ, ಶಿಸ್ತಿನ ಮನುಷ್ಯ, ಬೋರಲು ಬಿದ್ದ ಎಲೆಗಳನ್ನು ಪೆನ್ನಿನ ತುದಿಯಿಂದ ಮುಟ್ಟಿ ಮುಟ್ಟಿ ಎಣಿಸಿದರು. "ಸರಿಯಾಗಿ ನಲವತ್ತೊಂಬತ್ತು. ಮೊದಲೇ ಒಂದು ಎಲೆ ತೆಗೆದಿಟ್ಟು ತಂದಿದ್ದೀರಿ. ಸಿದ್ಧತೆ ಚೆನ್ನಾಗಿದೆ" ಎಂದರು.

"ನಾನೇನೂ ತೆಗೆದಿಲ್ಲ ಸಾರ್. ಈ ಕಟ್ಟಲ್ಲಿ ಇರೋದೇ ಐವತ್ತೊಂದು."

"ಐವತ್ತೆರಡು" ಎಂದೆ ನಾನು. ಯೋಚಿಸಿ ಹೇಳಿದ್ದಲ್ಲ. ಹತ್ತೊಂಬತ್ತು ವರ್ಷದಿಂದ ಬಾಯಿಗೆ ಬಂದು ಕೂತಿದ್ದ ಸಂಖ್ಯೆ, ತಾನಾಗಿ ಹೊರಬಂತು.

ಅಕ್ಕ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಗೇಲಿಯೂ ಇರಲಿಲ್ಲ.

"ನೆನಪಿಂದ ಹೇಳ್ಬೇಡ" ಎಂದಳು. "ಎಣಿಸಿ ಹೇಳು."

ಎಣಿಸಿದೆ. ಐವತ್ತೊಂದು. ತಪ್ಪಿರಬೇಕೆಂದು ಇನ್ನೊಮ್ಮೆ ಎಣಿಸಿದೆ. ಮೂರನೇ ಸಲ ಎಣಿಸುವಾಗ ಎರಡು ಎಲೆ ಕೆಳಗೆ ಬಿದ್ದವು, ಪರೀಕ್ಷಕರೇ ಬಗ್ಗಿ ಹೆಕ್ಕಿಕೊಟ್ಟರು. ಅವತ್ತು ಅಲುಗುತ್ತಿದ್ದ ಹುಡುಗರ ಭುಜ ನೆನಪಾಯಿತು. ಅವರು ಅಳುತ್ತಿರಲಿಲ್ಲ. ಒಂದು ಎಲೆ ಅವರಲ್ಲೊಬ್ಬನ ಜೇಬಿನಲ್ಲಿಯೇ ಉಳಿದಿತ್ತು. ಮೂವರಿಗೆ ಹಂಚಿದಾಗ ಸಮ ಬಂದದ್ದೂ ನೆನಪಾಯಿತು. ಐವತ್ತೆರಡಾಗಿದ್ದರೆ ಒಂದು ಎಲೆ ಹೆಚ್ಚು ಬರಬೇಕಿತ್ತು, ಮೂರನೇ ತರಗತಿಯ ಭಾಗಾಕಾರ ಅದು. ಇಷ್ಟು ವರ್ಷ ನನ್ನ ಚೀಲದಲ್ಲಿಯೇ ಒಂದು ಎಲೆ ಕಳೆದ ಕಟ್ಟನ್ನಿಟ್ಟುಕೊಂಡು, ಎಲೆ ಕಳೆದರೆ ಲೆಕ್ಕ ಮಾಡುವುದು ಹೇಗೆಂದು ನೂರಾರು ಮಕ್ಕಳಿಗೆ ಎಂಟು ಹಂತದಲ್ಲಿ ಬೋಧಿಸಿದ್ದೆ.

ಕೂತಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೆ ಎದುರಿಗೆ ಅಕ್ಕನ ಕುರ್ಚಿಯ ಪ್ರಶ್ನೆಯಿತ್ತು. ನನ್ನ ಎರಡು ಪುಟವನ್ನು ಮಡಚಿ ಜೇಬಿಗಿಟ್ಟೆ.

"ಸಾರ್" ಎಂದೆ. "ನಾನಾಗಿದ್ರೂ ಈ ಸಾಲಿಗೆ ಒಂದೇ ಅಂಕ ಕೊಡ್ತಿದ್ದೆ. ಹತ್ತೊಂಬತ್ತು ವರ್ಷದಿಂದ ಕೊಟ್ಟಿದೀನಿ. ನನ್ನದೇ ತಪ್ಪು. ಇವಳು ಎಣಿಸಿ ಬರೆದಿದಾಳೆ. ನಾವು ಎಣಿಸದೆ ತಿದ್ದಿದೀವಿ."

ಪರೀಕ್ಷಕರು ಡ್ರಾಯರಿನ ಹೊಸ ಕಟ್ಟನ್ನು ಒಮ್ಮೆ ನೋಡಿ, ಮೆಲ್ಲಗೆ ಒಳಗೆ ತಳ್ಳಿ ಮುಚ್ಚಿದರು. ಹಸಿರು ಪೆನ್ನು ತೆಗೆದು ಒಂದನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದರು. ಪೂರ್ತಿ ಆರು ಕೊಡಲು ಕೈ ಬರಲಿಲ್ಲ. 'ಆದ್ದರಿಂದ' ಎನ್ನುವ ಮೂರು ಚುಕ್ಕಿ ಹಾಕಿಲ್ಲವೆಂದು ಒಂದು, ಉತ್ತರಕ್ಕೆ ಅಡಿಗೆರೆ ಎಳೆದಿಲ್ಲವೆಂದು ಇನ್ನೊಂದು ಕಳೆದರು. ನಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ. ಮೊತ್ತ ಕೂಡಿಸಿ, ಸುತ್ತಿ, ಸಹಿ ಹಾಕಿದರು: ಐವತ್ತೊಂದು.

ಹೊರಗಿನ ಮೆಟ್ಟಿಲಿಳಿಯುವಾಗ ಅಕ್ಕ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಅರ್ಧಕ್ಕೆ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

"ಯಾವತ್ತಿಂದ ಗೊತ್ತಿತ್ತು ನಿನಗೆ?" ಎಂದು ಕೇಳಿದೆ.

"ಮೊದಲನೇ ದಿನವೇ. ಇಲ್ಲದಿರೋದು ಆಟೀನ್ ನಾಲ್ಕರ ಎಲೆ. ಆಮೇಲೊಂದಿನ ನೀನು ಟೀ ತರೋಕೆ ಹೋದಾಗ ಸಾಲು ಜೋಡಿಸಿ ನೋಡಿದೆನಲ್ಲ."

"ಹೇಳಬಾರದಿತ್ತೇನೇ?"

"ಬೋರ್ಡಿನ ಮೇಲೆ ಅಷ್ಟು ದೊಡ್ಡದಾಗಿ ಬರೆದು ಗೆರೆ ಬೇರೆ ಎಳೆದಿದ್ದೆ. ಎಷ್ಟು ಖುಷಿ ಇತ್ತೋ ನಿನ್ನ ಮುಖದಲ್ಲಿ. ಇವತ್ತು ಎಣಿಸ್ತಾನೆ, ನಾಳೆ ಎಣಿಸ್ತಾನೆ ಅಂತ ಕಾದೆ" ಎಂದಳು. "ಚಿಕ್ಕಂದಲ್ಲಾದ್ರೆ ಕೆಳಗೆ ಕಳಿಸಬಹುದಿತ್ತು. ಈಗ ನೀನು ಮೇಷ್ಟ್ರು."

ಮುಂದಿನ ತಿಂಗಳ ಒಂದನೇ ತಾರೀಖು ಅಕ್ಕ ಗಾಜಿನ ಗೋಡೆಯ ಆಚೆ ಹೋದಳು. ಅದೇ ವಾರ ನಮ್ಮ ಶಾಲೆಯಲ್ಲಿ ಸಂಭವನೀಯತೆಯ ಪಾಠ ಶುರುವಾಗುವುದಿತ್ತು. ಹೊಸ ಕಟ್ಟು ಕೊಳ್ಳೋಣವೆಂದು ಹೊರಟವನು ಕೊಳ್ಳಲಿಲ್ಲ. ಹಳೆಯದನ್ನೇ ಹಿಡಿದು ತರಗತಿಗೆ ಹೋದೆ. ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ತಪ್ಪೊಪ್ಪಿಗೆಗೆ ರಾತ್ರಿಯೇ ಮಾತು ಜೋಡಿಸಿಕೊಂಡಿದ್ದೆ: ಮೊದಲು ಒಬ್ಬರಿಂದ ಎಣಿಕೆ ಮಾಡಿಸುವುದು, ಅವರು ಬೆರಗಾಗುವುದು, ಆಮೇಲೆ ನಾನು ದೊಡ್ಡ ಮನಸ್ಸಿನಿಂದ ಒಪ್ಪಿಕೊಳ್ಳುವುದು.

ಕಟ್ಟನ್ನು ಎತ್ತಿ ಹಿಡಿದು, "ಇದರಲ್ಲಿ ಎಷ್ಟು ಎಲೆ ಇದೆ?" ಎಂದೆ.

"ಐವತ್ತೊಂದು ಸಾರ್" ಎಂದಿತು ಇಡೀ ತರಗತಿ.

ಎತ್ತಿ ಹಿಡಿದ ಕಟ್ಟನ್ನು ಕೆಳಗಿಳಿಸಿದೆ. "ಎಣಿಸದೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ಸೀನಿಯರ್‌ಗಳು ಹೇಳಿದ್ರು ಸಾರ್. ಅವರಿಗೆ ಅವರ ಸೀನಿಯರ್‌ಗಳು ಹೇಳಿದ್ರಂತೆ" ಎಂದ ಮುಂದಿನ ಬೆಂಚಿನವನು. "ಆಟೀನ್ ನಾಲ್ಕು ಇಲ್ಲ ಸಾರ್" ಎಂದು ಹಿಂದಿನಿಂದ ಇನ್ನೊಬ್ಬಳು ಸೇರಿಸಿದಳು.

"ಹತ್ತೊಂಬತ್ತು ವರ್ಷದಲ್ಲಿ ಒಬ್ಬರಿಗಾದ್ರೂ ಬಂದು ಹೇಳೋಕಾಗಲಿಲ್ವಾ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹಿಂದಿನ ಹುಡುಗಿಯೇ ಎದ್ದು ನಿಂತಳು. "ಒಂದೇ ಸಾಲಿನ ಉತ್ತರ ಸಾರ್. ನೀವು ಹಂತ ಎಲ್ಲಿ ಅಂತ ಕೇಳ್ತೀರಲ್ಲ ಅಂತ ಹೆದರಿಕೆ."

ಸಂಜೆ ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳಿನ್ನೂ ಕಾರ್ಖಾನೆಯಲ್ಲೇ ಇದ್ದಳು, ಕೊನೆಯ ಡಬ್ಬಿ ನೋಡುತ್ತಿದ್ದಳಂತೆ. ಉಸಿರು ಕಟ್ಟುವಷ್ಟು ನಕ್ಕಳು. ಆ ಕಡೆ ಕುರ್ಚಿ ಕಿರ್ರೆಂದದ್ದು ನನಗೆ ಕೇಳಿಸಿತು.

"ನಿಧಾನ ಕಣೇ" ಎಂದೆ. "ಬಿದ್ದುಗಿದ್ದೀಯ. ಕಷ್ಟಪಟ್ಟು ಸಿಕ್ಕಿರೋ ಕುರ್ಚಿ."